ಯಾವ ಹೊತ್ತಿನ ಊಟ ಬಿಟ್ಟರೆ ತಲೆ ಮಂಕಾಗದು?

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ನನ್ನದೊಂದು ಅರ್ಜಿ ತುಂಬಿಕೊಡುವ ಸಣ್ಣ ಅಂಗಡಿ ಇದೆ. ಬರುವವರಲ್ಲಿ ಹೆಚ್ಚಿನವರು ಕನ್ನಡಿಗರು, ಬರುವ ಅರ್ಜಿಗಳಲ್ಲಿ ಹೆಚ್ಚಿನವು ಮಲಯಾಳದವು. ಹೆಸರನ್ನು ಕನ್ನಡದಲ್ಲಿ ಕೇಳಿ, ಮಲಯಾಳದಲ್ಲಿ ಓದಿ, ಇಂಗ್ಲಿಷಿನಲ್ಲಿ ಬೆರಳಚ್ಚು ಮಾಡಬೇಕು. ಜೊತೆಗೆ ಆಧಾರ್‌ನ 12 ಅಂಕಿ, ಬ್ಯಾಂಕ್ ಖಾತೆ, ರೇಷನ್ ಕಾರ್ಡು. ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಒಂದರವರೆಗೆ ಸಾಲು ಕರಗುವುದಿಲ್ಲ. ಎರಡು ವರ್ಷದ ಹಿಂದೆ ಬೆಳಗಿನ ತಿಂಡಿ ಬಿಟ್ಟು ಉಪವಾಸ ಆರಂಭಿಸಿದ ನಾಲ್ಕನೆಯ ದಿನ, ಹನ್ನೊಂದೂವರೆಯ ಹೊತ್ತಿಗೆ, ಒಬ್ಬರು ಅಜ್ಜಿಯ ಪಿಂಚಣಿ ಅರ್ಜಿಯಲ್ಲಿ ಖಾತೆಯ ಕೊನೆಯ ಎರಡು ಅಂಕಿಗಳನ್ನು ಹಿಂದುಮುಂದು ಮಾಡಿದೆ. 47 ಇದ್ದದ್ದು 74 ಆಯಿತು. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ಪರದೆಯತ್ತ ಬಗ್ಗಿ, “ಅಕ್ಕಾ, ಅದು ನಲವತ್ತೇಳು” ಎಂದಳು. ಅವಳು ನೋಡದೇ ಹೋಗಿದ್ದರೆ ಅಜ್ಜಿ ಎಷ್ಟು ತಿಂಗಳು ಅಲೆಯಬೇಕಿತ್ತೋ. ಆ ಹೊತ್ತಿನಲ್ಲಿ ನನಗೆ ಹಸಿವೆಯೇ ಆಗಿರಲಿಲ್ಲ ಎಂಬುದು ನನ್ನನ್ನು ಹೆಚ್ಚು ಹೆದರಿಸಿತು. ಹೊಟ್ಟೆ ಸುಮ್ಮನಿತ್ತು, ತಲೆ ಮಾತ್ರ ಮಂಕಾಗಿತ್ತು, ಅದು ನನಗೆ ಗೊತ್ತಾಗಿರಲೂ ಇಲ್ಲ.

ಆಮೇಲೆ ಉಪವಾಸದ ನಾಲ್ಕೈದು ಕ್ರಮಗಳನ್ನು ಒಂದೊಂದಾಗಿ ಪಾಲಿಸಿ ನೋಡಿದೆ. ಕೆಲವನ್ನು ತಿಂಗಳುಗಟ್ಟಲೆ, ಕೆಲವನ್ನು ಒಂದೆರಡು ವಾರ. ಊರಿಗೆಲ್ಲ ಅದು ತಿಳಿದು, ಈಗ ಅರ್ಜಿಯ ಜೊತೆಗೆ ಈ ಪ್ರಶ್ನೆಯೂ ಬರುತ್ತದೆ. ಸರಕಾರಿ ಕೆಲಸಕ್ಕಾಗಿ ಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ಹುಡುಗಿ, ದಿನಾ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಗಳಿಗೆ ಜನರನ್ನು ಕರೆದೊಯ್ಯುವ ಕಾರಿನ ಚಾಲಕ, ಪೆರ್ಲದ ಕಡೆಯ ಅಡಕೆ ಕೃಷಿಕರು, ನಿವೃತ್ತಿಗೆ ಎರಡು ವರ್ಷ ಉಳಿದಿರುವ ಕನ್ನಡ ಶಾಲೆಯ ಮಾಸ್ತರರು. ನಾಲ್ವರೂ ಕೇಳಿದ್ದು ಒಂದೇ: ಉಣ್ಣದೆ ಇರುವುದು ದಿನಕ್ಕೆ ಹದಿನಾಲ್ಕು ಗಂಟೆಯೋ, ಹದಿನಾರೋ, ವಾರಕ್ಕೆ ಎರಡು ದಿನವೋ? ಕೆಲಸ ಕೆಡದ ಹಾಗೆ ಯಾವುದನ್ನು ಹಿಡಿಯಲಿ? ತೂಕ ಎಷ್ಟಿಳಿಯುತ್ತದೆ ಎಂದು ಹೇಳುವವರು ಬೇಕಾದಷ್ಟಿದ್ದಾರೆ. ಒಗ್ಗಿಕೊಳ್ಳುವ ಆ ಮೂರು ನಾಲ್ಕು ವಾರ ಬುದ್ಧಿಯನ್ನು ನೆಟ್ಟಗೆ ಇಟ್ಟುಕೊಳ್ಳುವುದು ಹೇಗೆಂದು ಹೇಳುವವರು ಕಡಿಮೆ.

ತೂಗುವ ಮೊದಲು

ನನ್ನ ಮೊದಲ ಅಳತೆಗೋಲು ಗಡಿಯಾರ. ದಿನದ ಯಾವ ಮೂರು ಗಂಟೆ ನಿಮ್ಮ ತಲೆ ಅತ್ಯಂತ ಚುರುಕಾಗಿರಬೇಕು? ಅದನ್ನು ಒಂದು ಕಾಗದದಲ್ಲಿ ಬರೆದುಕೊಳ್ಳಿ. ಉಪವಾಸದ ಕೊನೆಯ ಮೂರು ಗಂಟೆ ಅದರ ಮೇಲೆ ಬಂದು ಕೂರದಂತೆ ನೋಡಿಕೊಂಡರೆ ಅರ್ಧ ತೀರ್ಮಾನ ಆದಂತೆ.

ಎರಡನೆಯದು, ತಪ್ಪಿದರೆ ಏನಾಗುತ್ತದೆ ಎಂಬುದು. ಓದುವ ಹುಡುಗಿ ತಪ್ಪಿದರೆ ಒಂದು ಪುಟವನ್ನು ಮತ್ತೆ ಓದಬೇಕು. ಚಾಲಕ ತಪ್ಪಿದರೆ, ಅಡಕೆ ಮರದ ತುದಿಯಲ್ಲಿರುವವರು ತಪ್ಪಿದರೆ, ‘ಮತ್ತೆ’ ಎಂಬುದೇ ಇಲ್ಲ. ಮೂರನೆಯದು ಮಾತ್ರೆ: ಸಕ್ಕರೆ, ರಕ್ತದೊತ್ತಡ, ಮೂತ್ರಪಿಂಡ, ಯಾವುದರ ಮಾತ್ರೆ ಇದ್ದರೂ ಲೆಕ್ಕ ಬೇರೆ. ನಾಲ್ಕನೆಯದು ಮನೆಯ ಅಡುಗೆಯ ಹೊತ್ತು, ಯಾರ ಜೊತೆ ಕೂತು ಉಣ್ಣುತ್ತೀರಿ ಎಂಬುದು. ಐದನೆಯದು ನಿದ್ದೆ. ದುಡ್ಡನ್ನು ಕೊನೆಯಲ್ಲಿ ಇಡುತ್ತೇನೆ, ಏಕೆಂದರೆ ಉಪವಾಸಕ್ಕೆ ದುಡ್ಡು ಬೇಕಿಲ್ಲ. ಅದರ ಹೆಸರಿನಲ್ಲಿ ಮಾರುವ ಪುಡಿಗಳಿಗೆ ಬೇಕು.

ಮಂಕು ಎಲ್ಲಿಂದ ಬರುತ್ತದೆ

ಮಿದುಳಿನ ತೂಕ ದೇಹದ ತೂಕದ ಶೇಕಡಾ 2ರಷ್ಟು. ವಿಶ್ರಾಂತಿಯಲ್ಲಿ ಅದು ಬಳಸುವ ಶಕ್ತಿ ಮಾತ್ರ ಒಟ್ಟಿನ ಶೇಕಡಾ 20ರಷ್ಟು. ಉಂಡದ್ದು ಕರಗಿದ ಮೇಲೆ ಅದಕ್ಕೆ ಗ್ಲುಕೋಸ್ ಒದಗಿಸುವುದು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್, ಸುಮಾರು 100 ಗ್ರಾಂ. ಅದು ಕರಗುತ್ತಾ ಬಂದಂತೆ ದೇಹ ಕೊಬ್ಬನ್ನು ಒಡೆದು ಕೀಟೋನ್ ಎಂಬ ಬೇರೆ ಇಂಧನವನ್ನು ತಯಾರಿಸುತ್ತದೆ. ಈ ಬದಲಾವಣೆ ಕೊನೆಯ ತುತ್ತಿನಿಂದ 12 ಗಂಟೆಗೂ ಆಗಬಹುದು, 36 ಗಂಟೆಗೂ ಆಗಬಹುದು. ಹಿಂದಿನ ದಿನ ಏನು ತಿಂದಿರಿ, ಎಷ್ಟು ಓಡಾಡಿದಿರಿ ಎಂಬುದರ ಮೇಲೆ ನಿಂತಿದೆ. ಮೂರು ಹೊತ್ತು ಕುಚ್ಚಿಲಕ್ಕಿ ಅನ್ನ, ನಡುವೆ ಎರಡು ಸಲ ಸಕ್ಕರೆ ಹಾಕಿದ ಚಹಾ ಎಂಬ ನಮ್ಮ ರೂಢಿಯ ದೇಹ ಮೊದಲ ವಾರವೇ ಈ ಕೆಲಸವನ್ನು ಚುರುಕಾಗಿ ಮಾಡುವುದಿಲ್ಲ. 2019ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪ್ರಕಟಿಸಿದ ಅವಲೋಕನವೊಂದು ಇದನ್ನೇ ಹೇಳುತ್ತದೆ: ಆರಂಭದಲ್ಲಿ ಹಸಿವೆ, ಸಿಡುಕು, ಏಕಾಗ್ರತೆಯ ಕೊರತೆ ಅನೇಕರಿಗೆ ಕಾಣಿಸಿಕೊಳ್ಳುತ್ತವೆ; ಸಾಮಾನ್ಯವಾಗಿ ಒಂದು ತಿಂಗಳೊಳಗೆ ಹೋಗುತ್ತವೆ.

ಆದರೆ ನನ್ನ ಅನುಭವದಲ್ಲಿ ಮಂಕಿನ ದೊಡ್ಡ ಪಾಲು ಇಂಧನದ್ದಲ್ಲ. ಚಹಾ, ಉಪ್ಪು, ನಿದ್ದೆ, ಈ ಮೂರರದ್ದು.

ಚಹಾವನ್ನೇ ನೋಡಿ. ತಿಂಡಿ ಬಿಡುವಾಗ ಅದರ ಜೊತೆಗಿನ ಚಹಾವನ್ನೂ ಬಿಟ್ಟುಬಿಡುತ್ತೇವೆ. ಕೆಫೀನ್ ನಿಂತ 12ರಿಂದ 24 ಗಂಟೆಯೊಳಗೆ ತಲೆನೋವು, ತೂಕಡಿಕೆ ಆರಂಭವಾಗಿ, ಎರಡು ದಿನದ ಸುಮಾರಿಗೆ ಅತಿ ಹೆಚ್ಚಾಗಿ, ಒಂಬತ್ತು ದಿನದವರೆಗೂ ಎಳೆಯಬಹುದು. ನಾವು ಅದನ್ನು ಉಪವಾಸದ ತಲೆನೋವು ಎಂದು ತಿಳಿಯುತ್ತೇವೆ. ನನ್ನ ಅಂಗಡಿಯ ಪಕ್ಕದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಕಾಕ ರಂಜಾನ್ ಬರುವ ಹದಿನೈದು ದಿನ ಮೊದಲೇ ದಿನದ ಐದು ಚಹಾವನ್ನು ಎರಡಕ್ಕೆ ಇಳಿಸುತ್ತಾರೆ. ಕೇಳಿದಾಗ, “ಉಪವಾಸ ಕಷ್ಟವಲ್ಲ ಮಗಳೇ, ಚಾಯ ಬಿಡುವುದು ಕಷ್ಟ” ಎಂದಿದ್ದರು. ನೀರನ್ನೂ ಕುಡಿಯದ ಆ ವ್ರತಕ್ಕೂ ನಾವು ಇಲ್ಲಿ ಮಾತಾಡುತ್ತಿರುವುದಕ್ಕೂ ವ್ಯತ್ಯಾಸವಿದೆ, ಆದರೆ ಆ ಮಾತು ಎರಡಕ್ಕೂ ಸಲ್ಲುತ್ತದೆ. ನೀರು ಕುಡಿಯುವ ಉಪವಾಸದಲ್ಲಿ ಹಾಲು ಸಕ್ಕರೆ ಇಲ್ಲದ ಕಟ್ಟನ್ ಚಾಯಕ್ಕೆ ಅಡ್ಡಿಯಿಲ್ಲ. ಹಾಲು ಬೆರೆಸಿ ಎರಡು ಚಮಚ ಸಕ್ಕರೆ ಹಾಕಿದರೆ ಸಕ್ಕರೆಯಿಂದಲೇ 30 ಕ್ಯಾಲೊರಿ ಮೀರುತ್ತದೆ, ಉಪವಾಸ ಅಲ್ಲಿಗೆ ಮುರಿಯಿತು.

ಉಪ್ಪಿನ ವಿಷಯ ಕರಾವಳಿಯವರಿಗೆ ಇನ್ನೂ ಮುಖ್ಯ. ಉಣ್ಣದೆ ಇದ್ದಾಗ ಇನ್ಸುಲಿನ್ ಇಳಿಯುತ್ತದೆ. ಇಳಿದಾಗ ಮೂತ್ರಪಿಂಡಗಳು ಸೋಡಿಯಂ ಅನ್ನೂ ಅದರ ಜೊತೆ ನೀರನ್ನೂ ಹೆಚ್ಚು ಹೊರಹಾಕುತ್ತವೆ. ಮೇಲಿಂದ ನಮ್ಮ ಊರಿನ ಬೆವರು. ಎದ್ದು ನಿಂತಾಗ ಕಣ್ಣು ಕತ್ತಲೆ ಬರುವುದು, ಮಾತಿನ ನಡುವೆ ಪದ ಸಿಗದಿರುವುದು ಹಲವು ಸಲ ಇದರಿಂದಲೇ. ಬರೀ ನೀರನ್ನು ಲೀಟರುಗಟ್ಟಲೆ ಕುಡಿದರೆ ಇದು ಸರಿಹೋಗುವುದಿಲ್ಲ. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದವರು ದೊಡ್ಡ ಲೋಟ ನೀರಿಗೆ ಕಾಲು ಚಮಚಕ್ಕಿಂತ ಕಡಿಮೆ ಉಪ್ಪು ಹಾಕಿ ನಿಧಾನವಾಗಿ ಕುಡಿದು ನೋಡಬಹುದು. ಇಡೀ ದಿನದ ಉಪ್ಪು ಐದು ಗ್ರಾಂ ಮೀರಬಾರದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಆಗಲೂ ಇದ್ದೇ ಇದೆ. ಊಟದ ಉಪ್ಪಿನಕಾಯಿ, ಹಪ್ಪಳವನ್ನು ಅಷ್ಟು ಕಡಿಮೆ ಮಾಡಬೇಕು.

ನಿದ್ದೆಯ ಮಾತು ಚಿಕ್ಕದು. ಹಸಿದಾಗ ಮಿದುಳಿನಲ್ಲಿ ಎಚ್ಚರವನ್ನು ಕಾಯುವ ಒರೆಕ್ಸಿನ್ ಎಂಬ ರಾಸಾಯನಿಕದ ಚಟುವಟಿಕೆ ಹೆಚ್ಚುತ್ತದೆ. ಆಹಾರ ಹುಡುಕಲು ಹೊರಟ ಜೀವಿಗೆ ಅದು ಬೇಕಿತ್ತು. ರಾತ್ರಿ ಊಟ ಬಿಟ್ಟವರು ಎರಡು ಗಂಟೆಗೆ ಎದ್ದು ಕೂರುವುದಕ್ಕೆ ಇದೂ ಒಂದು ಕಾರಣ. ನಿದ್ದೆ ಕೆಟ್ಟ ಮರುದಿನದ ಮಂಕನ್ನು ಯಾವ ಉಪವಾಸದ ಕ್ರಮವೂ ಸರಿಪಡಿಸಲಾರದು.

ಹನ್ನೆರಡು, ಹದಿನಾಲ್ಕು ಗಂಟೆ

ರಾತ್ರಿ ಏಳೂವರೆಗೆ ಊಟ, ಬೆಳಗ್ಗೆ ಒಂಬತ್ತೂವರೆಗೆ ತಿಂಡಿ. ಹದಿನಾಲ್ಕು ಗಂಟೆ ಆಯಿತು. ಯಾವ ಹೊತ್ತಿನ ಊಟವನ್ನೂ ಬಿಡುವುದಿಲ್ಲ, ಎರಡನ್ನು ಹತ್ತಿರಕ್ಕೆ ಎಳೆಯುವುದು ಅಷ್ಟೆ. ಇದನ್ನು ಉಪವಾಸವೆಂದು ಕರೆಯಲು ಕೆಲವರಿಗೆ ಮನಸ್ಸಿಲ್ಲ. ನನಗಿದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಟಿ.ವಿ. ನೋಡಿ ಒಂಬತ್ತೂವರೆಗೆ ಉಂಡು, ಬೆಳಗ್ಗೆ ಆರೂವರೆಗೆ ಸಕ್ಕರೆ ಚಹಾ ಕುಡಿಯುತ್ತಾರೆ. ಅವರ ದೇಹಕ್ಕೆ ಒಂಬತ್ತೇ ಗಂಟೆಯ ಬಿಡುವು. ಅಲ್ಲಿಂದ ಹದಿನಾಲ್ಕಕ್ಕೆ ಏರುವುದು ಸಣ್ಣ ಬದಲಾವಣೆಯಲ್ಲ.

ಎಚ್ಚರದ ದೃಷ್ಟಿಯಿಂದ ಇದಕ್ಕೆ ಸಮನಾದದ್ದು ಇಲ್ಲ. ಹತ್ತಕ್ಕೆ ಅಂಗಡಿಯೋ ಶಾಲೆಯೋ ತೆರೆಯುವ ಹೊತ್ತಿಗೆ ಹೊಟ್ಟೆಯಲ್ಲಿ ತಿಂಡಿ ಇರುತ್ತದೆ. ಒಗ್ಗಲು ನನಗೆ ಬೇಕಾದದ್ದು ಒಂದು ವಾರ. ಕೊರತೆ ಎಂದರೆ ತೂಕ ಇಳಿಯುವುದು ನಿಧಾನ. ಆದರೆ ದೀರ್ಘ ಉಪವಾಸದಿಂದ ಬೇಗ ಇಳಿಯುತ್ತದೆ ಎಂಬ ನಂಬಿಕೆಯನ್ನೂ ಸ್ವಲ್ಪ ತೂಗಿ ನೋಡಬೇಕು. 2020ರಲ್ಲಿ ಪ್ರಕಟವಾದ, ಅಮೆರಿಕದಲ್ಲಿ 116 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ, ಮಧ್ಯಾಹ್ನ 12ರಿಂದ ರಾತ್ರಿ 8ರೊಳಗೆ ಮಾತ್ರ ಉಂಡವರಿಗೂ ಮೂರು ಹೊತ್ತು ಉಂಡವರಿಗೂ ಇಳಿದ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡು ವರ್ಷದ ಬಳಿಕ ಪ್ರಕಟವಾದ, ಚೀನಾದ ಗುವಾಂಗ್‌ಝೌನಲ್ಲಿ 139 ಜನರ ಮೇಲೆ ಇಡೀ ವರ್ಷ ನಡೆದ ಪರೀಕ್ಷೆಯಲ್ಲೂ, ತಿನ್ನುವ ಕ್ಯಾಲೊರಿ ಸಮನಾಗಿದ್ದಾಗ, ಉಣ್ಣುವ ಹೊತ್ತನ್ನು ಕಟ್ಟಿಹಾಕಿದ್ದರಿಂದ ದೊಡ್ಡ ಲಾಭ ಸಿಗಲಿಲ್ಲ. ಹೀಗಿರುವಾಗ ಎರಡು ಗಂಟೆ ಹೆಚ್ಚು ಹಸಿದು, ಕೆಲಸದಲ್ಲಿ ತಪ್ಪು ಮಾಡಿ, ಮನೆಯವರ ಮೇಲೆ ರೇಗುವ ಅಗತ್ಯ ಎಲ್ಲರಿಗೂ ಇಲ್ಲ.

ಬೆಳಗಿನ ತಿಂಡಿ ಬಿಡುವ ಹದಿನಾರು ಗಂಟೆ

ಎಲ್ಲರೂ ಮೊದಲು ಹಿಡಿಯುವುದು ಇದನ್ನೇ. ನಾನೂ ಹಿಡಿದೆ. ಮಧ್ಯಾಹ್ನ ಹನ್ನೆರಡಕ್ಕೋ ಒಂದಕ್ಕೋ ಮೊದಲ ಊಟ, ರಾತ್ರಿ ಎಂಟು ಒಂಬತ್ತರೊಳಗೆ ಕೊನೆಯದು. ಸುಲಭ ಎನ್ನಿಸುವುದಕ್ಕೆ ಕಾರಣವಿದೆ: ದೇಹದ ಗಡಿಯಾರದ ಪ್ರಕಾರ ಹಸಿವೆ ಅತಿ ಕಡಿಮೆ ಇರುವುದು ಬೆಳಗ್ಗೆ ಎಂಟರ ಸುಮಾರಿಗೆ, ಅತಿ ಹೆಚ್ಚು ಇರುವುದು ರಾತ್ರಿ ಎಂಟರ ಸುಮಾರಿಗೆ. ರಾತ್ರಿ ಮನೆಯವರೊಂದಿಗೆ ಕೂತು ಉಣ್ಣಬಹುದು. ಮದುವೆ, ಗೃಹಪ್ರವೇಶದ ಮಧ್ಯಾಹ್ನದ ಊಟ ತಪ್ಪುವುದಿಲ್ಲ. ಬೆಳಗ್ಗೆ ಅವಸರವೂ ಇಲ್ಲ.

ತೊಂದರೆ ಗಡಿಯಾರದಲ್ಲೇ ಇದೆ. ಶಾಲೆ, ಬ್ಯಾಂಕು, ಪಂಚಾಯತು ಕಚೇರಿ, ನನ್ನ ಅಂಗಡಿ, ನಮ್ಮ ಊರಿನ ತಲೆಗೆಲಸದ ಹೆಚ್ಚಿನ ಪಾಲು ನಡೆಯುವುದು ಹತ್ತರಿಂದ ಒಂದರೊಳಗೆ. ಈ ಕ್ರಮದಲ್ಲಿ ಉಪವಾಸದ ಕೊನೆಯ ಮೂರು ಗಂಟೆ ಬರುವುದೂ ಅದೇ ಹೊತ್ತಿಗೆ. ಮೊದಲ ವಾರಗಳಲ್ಲಿ ಅತ್ಯಂತ ದುರ್ಬಲವಾದ ಗಂಟೆಗಳನ್ನು ಅತ್ಯಂತ ಭಾರದ ಕೆಲಸಕ್ಕೆ ಕೊಟ್ಟಂತಾಗುತ್ತದೆ. ಅಜ್ಜಿಯ ಅರ್ಜಿಯಲ್ಲಿ ಆದದ್ದು ಅದೇ.

ಇನ್ನೊಂದು ಮೋಸ ಮಧ್ಯಾಹ್ನದ್ದು. ಹದಿನಾರು ಗಂಟೆ ಕಾದು, ಒಂದು ಗಂಟೆಗೆ ತಟ್ಟೆ ತುಂಬ ಅನ್ನ, ಮೇಲೆ ಸಾರು, ಕಾಯಿಹುಳಿ, ಮತ್ತೆ ಅನ್ನ ಉಂಡರೆ ಎರಡೂವರೆಗೆ ಜೋಂಪು ಹತ್ತುತ್ತದೆ. ಆಗ ಬೆಳಗ್ಗೆಯೂ ಹೋಯಿತು, ಮಧ್ಯಾಹ್ನವೂ ಹೋಯಿತು. ನಾನು ಕಂಡುಕೊಂಡ ದಾರಿ ಇದು: ಮೊದಲು ಒಂದು ಬಟ್ಟಲು ಬೇಯಿಸಿದ ಹೆಸರುಕಾಳು ಅಥವಾ ಒಂದು ಮೊಟ್ಟೆ, ಮೀನು ತಿನ್ನುವವರಿಗೆ ಎರಡು ಬಂಗುಡೆ, ಜೊತೆಗೆ ಪಲ್ಯ. ಹತ್ತು ನಿಮಿಷ ಬಿಟ್ಟು ಅನ್ನ, ಅದೂ ಮೊದಲಿನ ಅರ್ಧ. ಜೋಂಪು ಪೂರ್ತಿ ಹೋಗುವುದಿಲ್ಲ, ಕೆಲಸಕ್ಕೆ ಕೂರುವಷ್ಟು ಇಳಿಯುತ್ತದೆ.

ಈ ಕ್ರಮ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಐದನೆಯ ವಾರದಲ್ಲಿ ನನ್ನ ಬೆಳಗುಗಳು ಎಷ್ಟು ಸ್ವಚ್ಛವಾದವೆಂದರೆ, ತಿಂಡಿ ತಿಂದ ದಿನಗಳಲ್ಲೂ ಅಷ್ಟು ನೆಟ್ಟಗೆ ಕೂತು ಕೆಲಸ ಮಾಡಿದ್ದಿಲ್ಲ. 2025ರಲ್ಲಿ ಸುಮಾರು 70 ಅಧ್ಯಯನಗಳನ್ನು ಒಟ್ಟುಗೂಡಿಸಿ ನಡೆಸಿದ ವಿಶ್ಲೇಷಣೆಯೂ ಆರೋಗ್ಯವಂತ ದೊಡ್ಡವರಲ್ಲಿ ಅಲ್ಪಕಾಲದ ಉಪವಾಸದಿಂದ ಯೋಚನಾಶಕ್ತಿಗೆ ಗಮನಾರ್ಹ ಹಾನಿ ಕಾಣಲಿಲ್ಲ ಎಂದಿದೆ. ಮಕ್ಕಳಲ್ಲಿ ಮಾತ್ರ ಹಿನ್ನಡೆ ಕಂಡಿತು. ಆದ್ದರಿಂದ ಶಾಲೆಗೆ ಹೋಗುವ ಮಕ್ಕಳ ತಿಂಡಿಯನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ದೊಡ್ಡವರ ಪ್ರಶ್ನೆ ಆ ನಾಲ್ಕು ವಾರ ದಾಟುವುದು ಹೇಗೆ ಎಂಬುದು. ತಿಂಡಿಯನ್ನು ಒಮ್ಮೆಲೆ ಬಿಡಬೇಡಿ. ಎಂಟರ ತಿಂಡಿಯನ್ನು ಎಂಟೂವರೆಗೆ, ಐದು ದಿನ ಬಿಟ್ಟು ಒಂಬತ್ತಕ್ಕೆ, ಹೀಗೆ ಅರ್ಧರ್ಧ ಗಂಟೆ ದೂಡಿ. ಹಸಿವೆಯನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ರೂಢಿಯ ಊಟದ ಹೊತ್ತಿಗೆ ಏರುವಂಥದ್ದು. ಹೊತ್ತು ಬದಲಾದರೆ ಕೆಲವು ದಿನಗಳಲ್ಲಿ ಅದೂ ಬದಲಾಗುತ್ತದೆ. ಅದಕ್ಕೆ ಕಾಲ ಕೊಡಬೇಕು.

ರಾತ್ರಿ ಊಟ ಬಿಡುವ ಹದಿನಾರು ಗಂಟೆ

ಬೆಳಗ್ಗೆ ಎಂಟಕ್ಕೆ ತಿಂಡಿ, ಒಂದಕ್ಕೆ ಊಟ, ಸಂಜೆ ನಾಲ್ಕಕ್ಕೆ ಮೂರನೆಯ ಹೊತ್ತು. ಮತ್ತೆ ಮರುದಿನ ಬೆಳಗ್ಗೆ. ಜೈನ ಮನೆಗಳಲ್ಲಿ ಸೂರ್ಯಾಸ್ತದ ಮೊದಲು ಊಟ ಮುಗಿಸುವ ನಿಯಮವನ್ನು ಇನ್ನೆರಡು ಗಂಟೆ ಮೊದಲಿಗೆ ತಂದ ಹಾಗೆ. ದೇಹಕ್ಕೆ ಇದು ಒಳ್ಳೆಯದೆನ್ನಲು ಆಧಾರವಿದೆ. 2018ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ ಎಂಟು ಗಂಡಸರು ಐದು ವಾರ ಕಾಲ ಮಧ್ಯಾಹ್ನ ಮೂರರ ಮೊದಲೇ ದಿನದ ಊಟ ಮುಗಿಸಿದಾಗ, ತೂಕ ಇಳಿಯದೆಯೂ ಇನ್ಸುಲಿನ್ ಕೆಲಸ ಮಾಡುವ ಬಗೆ ಸುಧಾರಿಸಿತು. ಸಣ್ಣ ಪರೀಕ್ಷೆ, ಆದರೆ ಅಚ್ಚುಕಟ್ಟಾದದ್ದು.

ತಲೆಗೆ ಬೇಕಾದದ್ದು ಇದರಲ್ಲಿ ಸರಿಯಾಗಿ ಒದಗುತ್ತದೆ. ಹತ್ತರಿಂದ ನಾಲ್ಕರವರೆಗೆ ಇಂಧನದ ಕೊರತೆಯೇ ಇಲ್ಲ, ಉಪವಾಸದ ಕಠಿಣ ಭಾಗ ನಿದ್ದೆಯಲ್ಲಿ ಕಳೆಯುತ್ತದೆ. ನಾನು ಈ ಕ್ರಮದಲ್ಲಿದ್ದ ಎರಡು ತಿಂಗಳು ಒಂದು ಅರ್ಜಿಯೂ ತಪ್ಪಲಿಲ್ಲ.

ಆದರೂ ಬಿಟ್ಟೆ. ಮನೆಯವರು ಮಂಗಳೂರಿನಿಂದ ರೈಲಿನಲ್ಲಿ ಬಂದು ಮನೆ ಸೇರುವಾಗ ಏಳೂವರೆ. ಮಗ, ಅತ್ತೆ, ನಾವಿಬ್ಬರು, ನಾಲ್ವರೂ ಒಟ್ಟಿಗೆ ಕೂರುವುದು ರಾತ್ರಿಯ ಒಂದೇ ಹೊತ್ತು. ಅವರಿಗೆ ಬಡಿಸಿ ನಾನು ಖಾಲಿ ಕೂರುತ್ತಿದ್ದೆ. ಅತ್ತೆ ಮೊದಮೊದಲು ಏನೂ ಹೇಳಲಿಲ್ಲ. ಎರಡನೆಯ ತಿಂಗಳ ಕೊನೆಗೆ ಒಂದು ರಾತ್ರಿ ನನ್ನ ಮುಂದೆಯೂ ಒಂದು ತಟ್ಟೆ ಇಟ್ಟರು, ಅದರಲ್ಲಿ ಏನೂ ಇರಲಿಲ್ಲ. “ಕೂತುಕೊಳ್ಳುವಾಗ ತಟ್ಟೆ ಇರಲಿ” ಎಂದರು. ನನಗೆ ಆಮೇಲೆ ಮುಂದುವರಿಸಲು ಆಗಲಿಲ್ಲ. ಒಗ್ಗದವರಿಗೆ ಮೊದಲ ಹತ್ತು ದಿನ ನಿದ್ದೆಯೂ ಕೆಡುತ್ತದೆ. ಕೋಲ, ನೇಮ, ರಾತ್ರಿಯ ಯಕ್ಷಗಾನ, ಎಲ್ಲೆಡೆ ಊಟದ ಕರೆಯನ್ನು ನಿರಾಕರಿಸುತ್ತಾ ಹೋಗಬೇಕು.

ಕಾಸರಗೋಡು ಪೇಟೆಯಲ್ಲಿ ಕೋಣೆ ಹಿಡಿದು ಹೋಟೆಲಿನಲ್ಲಿ ಉಣ್ಣುವವರಿಗೆ ಇದರಲ್ಲಿ ಇನ್ನೊಂದು ತೊಡಕು. ಸಂಜೆ ನಾಲ್ಕಕ್ಕೆ ಹೋಟೆಲಿನಲ್ಲಿ ಸಿಗುವುದು ಬನ್ಸ್, ಗೋಳಿಬಜೆ, ಪರೋಟ. ದಿನದ ಕೊನೆಯ ಊಟ ಅದಾದರೆ ಉಪವಾಸದ ಪ್ರಯೋಜನ ಎಣ್ಣೆಯಲ್ಲಿ ಹೋಯಿತು. ಅಂಥವರು ಬೆಳಗ್ಗೆಯೇ ಬೇಯಿಸಿದ ಕಡಲೆ, ಎರಡು ಮೊಟ್ಟೆ, ಬಾಳೆಹಣ್ಣನ್ನು ಡಬ್ಬಿಯಲ್ಲಿ ಒಯ್ಯುವುದಾದರೆ ಮಾತ್ರ ಇದಕ್ಕೆ ಇಳಿಯಲಿ.

ವಾರಕ್ಕೆ ಎರಡು ದಿನ

ಐದು ದಿನ ಎಂದಿನಂತೆ, ಎರಡು ದಿನ ಹೆಂಗಸರಿಗೆ 500, ಗಂಡಸರಿಗೆ 600 ಕ್ಯಾಲೊರಿ. ಏಕಾದಶಿ, ಸಂಕಷ್ಟಿ, ಸೋಮವಾರದ ಒಪ್ಪೊತ್ತು ಮಾಡಿ ಬೆಳೆದವರಿಗೆ ಇದರ ಸ್ವಭಾವ ಗೊತ್ತು. ಮನಸ್ಸಿಗೆ ಒಂದು ಅನುಕೂಲ: ನಾಳೆ ಉಣ್ಣಬಹುದು ಎಂಬ ಧೈರ್ಯ ಇರುತ್ತದೆ.

ಕಷ್ಟ ಲೆಕ್ಕದಲ್ಲಿ. ನಮ್ಮ ಅಡುಗೆಯಲ್ಲಿ ಕ್ಯಾಲೊರಿ ತೆಂಗಿನಕಾಯಿಯಲ್ಲಿ ಅಡಗಿ ಕೂತಿರುತ್ತದೆ. 100 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 350, ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಸುಮಾರು 120. ಅನ್ನ 100 ಗ್ರಾಂಗೆ 130ರಷ್ಟು ಮಾತ್ರ. ಅನ್ನ ಬಿಟ್ಟು ಎರಡು ಸೌಟು ಕಾಯಿ ಅರೆದ ಗಸಿ ತಿಂದರೆ ಉಪವಾಸವಲ್ಲ. ಆ ದಿನಗಳಲ್ಲಿ ಒಂದು ಮೊಟ್ಟೆ, ಒಂದು ಬಟ್ಟಲು ಹೆಸರುಬೇಳೆ ತೊವ್ವೆ, ಒಗ್ಗರಣೆಯಿಲ್ಲದ ಬಸಳೆ, ನೀರು ಮಜ್ಜಿಗೆ, ಒಂದು ಬಾಳೆಹಣ್ಣು, ಇಷ್ಟರಲ್ಲಿ ಮುಗಿಸಬೇಕು.

ವಾರದಲ್ಲಿ ಎರಡೇ ದಿನವಾದ್ದರಿಂದ ದೇಹಕ್ಕೆ ರೂಢಿ ಬೀಳುವುದು ನಿಧಾನ ಎಂದು ನನಗೆ ಅನ್ನಿಸಿತು. ಆರನೆಯ ವಾರವೂ ಗುರುವಾರ ಮಧ್ಯಾಹ್ನ ಅದೇ ಸಿಡುಕು. ಇದನ್ನು ಆರಿಸುವವರಿಗೆ ತಮ್ಮ ವಾರದ ಮೇಲೆ ಹಿಡಿತ ಇರಬೇಕು. ಕೆಲಸ ಹಗುರವಿರುವ ಎರಡು ದಿನಗಳನ್ನು ಅವರು ಮೊದಲೇ ಗುರುತಿಸಿಕೊಳ್ಳಬಲ್ಲರು. ಕೃಷಿಕರಿಗೆ, ಸ್ವಂತ ವ್ಯಾಪಾರ ಇರುವವರಿಗೆ ಆದೀತು. ದಿನಾ ಒಂದೇ ಭಾರದ ಕೆಲಸ ಇರುವ ನನಗೆ ಆಗಲಿಲ್ಲ.

ದಿನಕ್ಕೊಂದೇ ಊಟ, ದಿನ ಬಿಟ್ಟು ದಿನ ಉಪವಾಸ, ಇವೆರಡರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಒಂಬತ್ತು ದಿನ ಒಂದೇ ಊಟದಲ್ಲಿದ್ದೆ. ಅಂಗಡಿ ಮುಚ್ಚಿ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ, ದಿನಾ ತಿರುಗುವ ತಿರುವನ್ನೇ ದಾಟಿ ಮುಂದೆ ಹೋಗಿದ್ದೆ. ಅಂದಿಗೆ ನಿಲ್ಲಿಸಿದೆ. ಅಂಕಿ, ಯಂತ್ರ, ವಾಹನ, ಔಷಧಿ ಇವುಗಳ ಜೊತೆ ಕೆಲಸ ಮಾಡುವವರು ಇದರಿಂದ ಆರಂಭಿಸಬೇಡಿ.

ಯಾರು ಎಲ್ಲವನ್ನೂ ಬಿಡಬೇಕು

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮಿಪಿರೈಡ್, ಗ್ಲಿಕ್ಲಾಜೈಡ್ ಜಾತಿಯ ಮಾತ್ರೆ ನುಂಗುವವರು ವೈದ್ಯರು ಪ್ರಮಾಣ ಬದಲಿಸದೆ ಒಂದು ಹೊತ್ತನ್ನೂ ಬಿಡಬಾರದು. ಸಕ್ಕರೆ 70ಕ್ಕಿಂತ ಕೆಳಗಿಳಿದರೆ ನಡುಕ, ಬೆವರು, ಗೊಂದಲ, ಆಮೇಲೆ ಪ್ರಜ್ಞೆ ತಪ್ಪುವುದು. ಅದು ಒಗ್ಗುವ ಮಂಕಲ್ಲ, ಅಪಾಯ. ತಕ್ಷಣ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಡಾಪಾಗ್ಲಿಫ್ಲೊಜಿನ್‌ನಂಥ ಮಾತ್ರೆ ಇರುವವರಿಗೆ ಉಪವಾಸದಲ್ಲಿ ಕೀಟೋನ್ ಮಿತಿಮೀರುವ ಅಪಾಯ ಬೇರೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಹಾಗೆ ಕುಸಿಯುವುದು ಅಪರೂಪ, ಆದರೂ ಕೇಳಿಯೇ ಆರಂಭಿಸಬೇಕು. ಬಸುರಿಯರು, ಹಾಲೂಡಿಸುವ ತಾಯಂದಿರು, ಬೆಳೆಯುವ ಮಕ್ಕಳು, ಹಿಂದೆ ಊಟದ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರು ಈ ಲೆಕ್ಕಕ್ಕೇ ಬರುವುದಿಲ್ಲ.

ದುಡ್ಡು, ಪುಡಿ, ಸೀಯಾಳ

ಎಚ್ಚರ ಹೆಚ್ಚಿಸುತ್ತದೆಂದು ಮಾರುವ ಲವಣದ ಪುಡಿಗಳಲ್ಲಿ ಹೆಚ್ಚಾಗಿ ಇರುವುದು ಉಪ್ಪು, ಪೊಟ್ಯಾಸಿಯಂ, ಮೆಗ್ನೀಸಿಯಂ, ಸುವಾಸನೆ. ಔಷಧಿ ಅಂಗಡಿಯ ಒಆರ್‌ಎಸ್ ಅಗ್ಗ, ಆದರೆ ಒಂದು ಲೀಟರಿನ ಪೊಟ್ಟಣದಲ್ಲಿ 13.5 ಗ್ರಾಂ ಗ್ಲುಕೋಸ್ ಇರುತ್ತದೆ, ಉಪವಾಸ ಮುರಿಯುತ್ತದೆ. ತಲೆ ಸುತ್ತಿದ ದಿನ ಅದನ್ನೇ ಕುಡಿಯಿರಿ, ಉಪವಾಸ ನಾಳೆಯೂ ಮಾಡಬಹುದು. ಸೀಯಾಳದಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ, ಒಂದು ಲೋಟದಲ್ಲಿ 50 ಕ್ಯಾಲೊರಿಯ ಆಸುಪಾಸು. ಉಪವಾಸದ ನಡುವೆ ಬೇಡ, ಬಿಡುವ ಹೊತ್ತಿಗೆ ಅದಕ್ಕಿಂತ ಒಳ್ಳೆಯದು ನಮ್ಮ ತೋಟದಲ್ಲಿ ಇನ್ನೊಂದಿಲ್ಲ. ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ಆ ಪೊಟ್ಯಾಸಿಯಂ ಒಳ್ಳೆಯದಲ್ಲ.

ಅಳೆದು ನೋಡುವ ಬಗೆ

ಮಂಕಾದವರಿಗೆ ತಾವು ಮಂಕಾಗಿರುವುದು ತಿಳಿಯುವುದಿಲ್ಲ. ಹಾಗಾಗಿ ಅನ್ನಿಸಿಕೆಯನ್ನು ನಂಬದೆ ಅಳೆಯಿರಿ. ಉಪವಾಸ ಆರಂಭಿಸುವ ಒಂದು ವಾರ ಮೊದಲಿನಿಂದ, ದಿನಾ ನಿಮಗೆ ಎಚ್ಚರ ಬೇಕಾದ ಹೊತ್ತಿನಲ್ಲೇ, 100ರಿಂದ ಏಳೇಳು ಕಳೆಯುತ್ತಾ ಬನ್ನಿ: 93, 86, 79, ಹೀಗೆ ಎರಡರವರೆಗೆ. ಮೊಬೈಲಿನಲ್ಲಿ ಹೊತ್ತು ನೋಡಿ ಬರೆದಿಡಿ. ಬಾಯಿಪಾಠ ಆಗದಂತೆ ಮರುದಿನ 101ರಿಂದ, ಆಮೇಲೆ 102ರಿಂದ. ಜೊತೆಗೆ ಹಳೆಯ ರಸೀದಿಗಳಲ್ಲಿರುವ ಐದು ಉದ್ದನೆಯ ಅಂಕಿಗಳನ್ನು ನಕಲು ಮಾಡಿ ತಪ್ಪು ಎಣಿಸಿ. ನನ್ನ ಪುಸ್ತಕದಲ್ಲಿ ಆರಂಭಕ್ಕೆ ಮೊದಲಿನ ವಾರ ಒಂದೇ ತಪ್ಪು, ತಿಂಡಿ ಬಿಡುವ ಕ್ರಮವನ್ನು ಎರಡನೆಯ ಸಲ ಮಾಡಿದಾಗ ಮೊದಲ ವಾರ ಆರು, ಮೂರನೆಯ ವಾರ ಎರಡು. ನಾಲ್ಕು ವಾರ ಕಳೆದರೂ ತಪ್ಪು ಇಳಿಯದಿದ್ದರೆ ಆ ಕ್ರಮ ನಿಮ್ಮದಲ್ಲ.

ನನ್ನನ್ನು ಕೇಳಿದ ನಾಲ್ವರಿಗೆ ಹೇಳಿದ್ದು ಹೀಗೆ. ಪಿಎಸ್‌ಸಿ ಹುಡುಗಿ ಬೆಳಗ್ಗೆ ಐದರಿಂದ ಎಂಟರವರೆಗೆ ಓದುತ್ತಾಳೆ, ಆಮೇಲೆ ಮನೆಗೆಲಸ. ಅವಳಿಗೆ ತಿಂಡಿ ದೂಡುವ ಹದಿನಾರು ಗಂಟೆ ಆಗಬಹುದು, ಓದುವ ಹೊತ್ತಿಗೆ ಉಪವಾಸ ಇನ್ನೂ ಒಂಬತ್ತು ಹತ್ತು ಗಂಟೆಯದು. ಆದರೆ ಪರೀಕ್ಷೆಗೆ ಒಂದೂವರೆ ತಿಂಗಳು ಇರುವಾಗ ಹೊಸ ಕ್ರಮ ಆರಂಭಿಸಬಾರದು. ಚಾಲಕ ಅಣ್ಣನಿಗೆ ಹದಿನಾಲ್ಕಕ್ಕಿಂತ ಮೇಲೆ ಬೇಡವೆಂದೆ, ಮೊದಲ ಎರಡು ವಾರ ಹನ್ನೆರಡೇ ಸಾಕು, ಕಾರಿನಲ್ಲಿ ಒಂದು ಹಿಡಿ ನೆಲಗಡಲೆ ಯಾವಾಗಲೂ ಇರಲಿ. ಮಾಸ್ತರರು ಸಂಜೆ ಶಾಲೆ ಬಿಟ್ಟ ಮೇಲೆ ಮನೆಯಲ್ಲೇ ಇರುತ್ತಾರೆ, ಮಡದಿಗೂ ರಾತ್ರಿ ಉಣ್ಣುವ ಆಸೆ ಕಡಿಮೆ. ಇಬ್ಬರೂ ಸಂಜೆ ಐದಕ್ಕೆ ಗಂಜಿ ಉಂಡು ಮುಗಿಸುವ ಕ್ರಮ ಹಿಡಿದಿದ್ದಾರೆ, ಬೆಳಗ್ಗೆ ಒಂಬತ್ತಕ್ಕೆ ತಿಂಡಿ. ಅವರ ರಕ್ತದೊತ್ತಡದ ಮಾತ್ರೆಯ ಹೊತ್ತನ್ನು ವೈದ್ಯರು ಬದಲಿಸಿಕೊಟ್ಟರು.

ಕೃಷಿಕರಿಗೆ ವಾರಕ್ಕೆ ಎರಡು ದಿನದ ಕ್ರಮ ಹೊಂದುತ್ತದೆಂದು ನನಗೆ ಅನ್ನಿಸಿತು, ಒಂದು ಕರಾರಿನೊಂದಿಗೆ: ಅಡಕೆಗೆ ಮದ್ದು ಬಿಡುವ, ಕೊಯ್ಲಿನ ದಿನಗಳಲ್ಲಿ ಉಪವಾಸವಿಲ್ಲ. ಯಾವಾಗ ಆರಂಭಿಸಲಿ ಎಂದು ಅವರೇ ಕೇಳಿದರು. ಏಪ್ರಿಲ್, ಮೇ ತಿಂಗಳ ಬೆವರಿನಲ್ಲಿ ಬೇಡ, ಮದುವೆ ಉಪನಯನಗಳ ಊಟವೂ ಆಗಲೇ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುವರ ಆಟಿ ತಿಂಗಳು. ಶುಭಕಾರ್ಯಗಳಿಲ್ಲ, ಕರೆಯುವವರಿಲ್ಲ, ಹವೆ ತಂಪು, ಮಳೆ ಬಿಡದ ದಿನ ತೋಟದ ಕೆಲಸವೂ ಇಲ್ಲ. ಒಗ್ಗಿಕೊಳ್ಳಲು ಬೇಕಾದದ್ದೂ ಒಂದೇ ತಿಂಗಳು. ಅವರು ಬೆರಳು ಮಡಚಿ ಎಣಿಸಿದರು, ಆಟಿ ಅಮಾವಾಸ್ಯೆಗೆ ಹೇಗೂ ಖಾಲಿ ಹೊಟ್ಟೆಗೆ ಪಾಲೆಯ ಕಷಾಯ ಕುಡಿಯುವುದಿದೆಯಲ್ಲ, ಅಂದಿನಿಂದಲೇ ಹಿಡಿಯುತ್ತೇನೆ ಎಂದು ಜಮೀನಿನ ಕಾಗದ ಮಡಚಿಕೊಂಡು ಹೊರಟರು.